ಕ್ಯಾಸಿಗೆ ನೆಲವಿತ್ತು, ಬೆಳ್ಳಿಗೆ ಇರಲಿಲ್ಲ

ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಅಮೆರಿಕದ ಕಪ್ಪು ಲೇಖಕಿ ಮಿಲ್ಡ್ರೆಡ್ ಟೇಲರ್ ಮಕ್ಕಳಿಗಾಗಿ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಎಂಬ ಕಾದಂಬರಿಯ ಕಥೆ ಆರಂಭವಾಗುವುದೂ ಅದೇ 1933ರಲ್ಲಿ. ಒಂದು ನಮ್ಮ ಕರಾವಳಿಯ ಗದ್ದೆ ಬೈಲುಗಳ ನಡುವಿನ ಕಥೆ. ಇನ್ನೊಂದು ಮಿಸಿಸಿಪ್ಪಿ ರಾಜ್ಯದ ಹತ್ತಿಯ ಹೊಲಗಳ ನಡುವಿನದು. ಒಂದರಲ್ಲಿ ಐದು ಮಕ್ಕಳ ತಂದೆ ಚೋಮ. ಇನ್ನೊಂದರಲ್ಲಿ ನಾಲ್ಕು ಮಕ್ಕಳ ತಂದೆ ಡೇವಿಡ್ ಲೋಗನ್. ಇಬ್ಬರ ತಲೆಯಲ್ಲೂ ಹಗಲಿರುಳು ತಿರುಗುವ ವಿಷಯ ಒಂದೇ, ಅದು ನೆಲ. ಆದರೆ ಚೋಮನಿಗೆ ಅದು ಜೀವಮಾನವಿಡೀ ಕೈಗೆಟುಕದ ಆಸೆ. ಲೋಗನ್‌ಗೆ ಅದು ಈಗಾಗಲೇ ಕೈಯಲ್ಲಿರುವ, ಕೈಜಾರದಂತೆ ಕಾಯಬೇಕಾದ ಆಸ್ತಿ. ಈ ಒಂದು ವ್ಯತ್ಯಾಸದಿಂದ ಎರಡು ಮನೆಗಳ ಮಕ್ಕಳ ಬಾಲ್ಯ ಹೇಗೆ ಬೇರೆಯಾಯಿತು, ಮತ್ತು ನಮ್ಮ ಕನ್ನಡ ಮಕ್ಕಳ ಸಾಹಿತ್ಯದಲ್ಲಿ ಚೋಮನಂಥವರ ಮನೆಯ ಮಕ್ಕಳು ಏಕೆ ಇನ್ನೂ ಬಾಯಿ ತೆರೆದಿಲ್ಲ ಎಂಬುದು ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ಮೂರು ದಶಕ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನಾನು ಈ ಅಮೆರಿಕನ್ ಪುಸ್ತಕವನ್ನು ಓದಿದ್ದು ಆಕಸ್ಮಿಕವಾಗಿ. ಕಡಲಾಚೆ ನೆಲೆಸಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ಆರನೆಯ ಇಯತ್ತೆಯಲ್ಲಿದ್ದ ಮೊಮ್ಮಗಳಿಗೆ ಅದು ಶಾಲೆಯ ಓದಿನ ಪುಸ್ತಕ. ಅವಳು ಮಲಗಿದ ಮೇಲೆ ನಾನು ಓದುತ್ತಿದ್ದೆ. ಎರಡು ರಾತ್ರಿಯಲ್ಲಿ ಮುಗಿಯಿತು.

ಮಿಲ್ಡ್ರೆಡ್ ಟೇಲರ್ ಹುಟ್ಟಿದ್ದು 1943ರಲ್ಲಿ, ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ. ಮಗು ಕೆಲವೇ ತಿಂಗಳುಗಳದ್ದಾಗಿದ್ದಾಗ ಕುಟುಂಬ ಉತ್ತರದ ಒಹಾಯೊ ರಾಜ್ಯಕ್ಕೆ ವಲಸೆ ಹೋಯಿತು. ಆದರೆ ತಂದೆ ಪ್ರತಿವರ್ಷ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ದಕ್ಷಿಣದ ಹುಟ್ಟೂರಿಗೆ ಕರೆದೊಯ್ಯುತ್ತಿದ್ದ. ರಾತ್ರಿ ಮನೆಯ ಜಗಲಿಯಲ್ಲಿ ಹಿರಿಯರು ಹೇಳುತ್ತಿದ್ದ ಕಥೆಗಳೇ ಮುಂದೆ ಆಕೆಯ ಪುಸ್ತಕಗಳಾದವು. ಶಾಲೆಯ ಇತಿಹಾಸದ ಪಠ್ಯದಲ್ಲಿ ಕಪ್ಪು ಜನರ ಬಗ್ಗೆ ಇದ್ದದ್ದಕ್ಕೂ ತಂದೆ ಹೇಳಿದ್ದಕ್ಕೂ ತಾಳೆಯಾಗುತ್ತಿರಲಿಲ್ಲ; ಮನೆಯ ಕಥೆಯನ್ನು ತರಗತಿಯಲ್ಲಿ ಹೇಳಹೊರಟರೆ ಸಹಪಾಠಿಗಳು ಇವಳು ಕಟ್ಟಿ ಹೇಳುತ್ತಿದ್ದಾಳೆಂದು ಭಾವಿಸುತ್ತಿದ್ದರು. 1975ರಲ್ಲಿ ಮೊದಲ ಕಿರು ಪುಸ್ತಕ, 1976ರಲ್ಲಿ ಈ ಕಾದಂಬರಿ, ಮರುವರ್ಷವೇ ಅಮೆರಿಕದ ಮಕ್ಕಳ ಸಾಹಿತ್ಯದ ಅತಿ ಪ್ರತಿಷ್ಠಿತ ನ್ಯೂಬೆರಿ ಪದಕ. ಅಲ್ಲಿಗೆ ನಿಲ್ಲಿಸದೆ ಅದೇ ಕುಟುಂಬದ ಕಥೆಯನ್ನು ಹಿಂದಕ್ಕೂ ಮುಂದಕ್ಕೂ ಬೆಳೆಸುತ್ತ ಹೋದ ಟೇಲರ್, 2020ರಲ್ಲಿ ಕೊನೆಯ ಸಂಪುಟವನ್ನು ಪ್ರಕಟಿಸಿದರು. ಒಂದೇ ಮನೆತನದ ಮೇಲೆ ನಲವತ್ತೈದು ವರ್ಷಗಳ ಬರವಣಿಗೆ!

ಕಥೆಯನ್ನು ಹೇಳುವವಳು ಒಂಬತ್ತು ವರ್ಷದ ಕ್ಯಾಸಿ ಲೋಗನ್. ಅಣ್ಣ ಸ್ಟೇಸಿ, ಇಬ್ಬರು ತಮ್ಮಂದಿರು. ಪುಸ್ತಕ ತೆರೆಯುವುದೇ ಅವರು ಶಾಲೆಗೆ ನಡೆದುಹೋಗುವ ಕೆಂಪು ಮಣ್ಣಿನ ದಾರಿಯಲ್ಲಿ. ಆರು ವರ್ಷದ ಕಿರಿಯ ತಮ್ಮನಿಗೆ ಅದು ಶಾಲೆಯ ಮೊದಲ ದಿನ. ಬಟ್ಟೆಗೆ ಕೊಳೆ ತಾಗಬಾರದೆಂದು ಅವನು ಒಂದೊಂದೇ ಹೆಜ್ಜೆಯನ್ನು ಎಣಿಸಿ ಇಡುತ್ತಿದ್ದಾನೆ. ಹಿಂದಿನಿಂದ ಬಿಳಿಯ ಮಕ್ಕಳ ಶಾಲಾ ಬಸ್ಸು ಬರುತ್ತದೆ, ಬೇಕೆಂದೇ ಅವನನ್ನು ಧೂಳಿನಲ್ಲಿ ಮೀಯಿಸಿ ಹೋಗುತ್ತದೆ. ಕಪ್ಪು ಮಕ್ಕಳಿಗೆ ಬಸ್ಸಿಲ್ಲ. ಶಾಲೆ ತಲುಪಿದರೆ ಅಲ್ಲಿ ಇನ್ನೊಂದು. ಆ ವರ್ಷ ಮೊದಲ ಬಾರಿಗೆ ಅವರಿಗೆ ಪುಸ್ತಕಗಳು ಸಿಕ್ಕಿವೆ, ಆದರೆ ಹರಿದವು, ಕಲೆಯಾದವು. ಹುಡುಗ ಹೊಸದನ್ನು ಕೇಳುತ್ತಾನೆ, ಗದರಿಸಿಕೊಂಡು ಹಳೆಯದನ್ನೇ ಒಯ್ದು ಪುಟ ತೆರೆಯುತ್ತಾನೆ. ಆಮೇಲೆ ಅದನ್ನು ನೆಲಕ್ಕೆಸೆದು ಕಾಲಿನಿಂದ ತುಳಿಯತೊಡಗುತ್ತಾನೆ. ಏಕೆಂದರೆ ಒಳರಕ್ಷಾಪುಟದಲ್ಲಿ ಒಂದು ಪಟ್ಟಿ ಇದೆ. ಪುಸ್ತಕವನ್ನು ಯಾವ ವರ್ಷ ಕೊಟ್ಟದ್ದು, ಅದರ ಸ್ಥಿತಿ ಏನು, ಪಡೆದ ವಿದ್ಯಾರ್ಥಿಯ ಜನಾಂಗ ಯಾವುದು. ಹನ್ನೊಂದು ಸಾಲು ಬಿಳಿಯ ಮಕ್ಕಳದು. ಹನ್ನೆರಡನೆಯದು ಇವರದು, ಸ್ಥಿತಿ ಅತ್ಯಂತ ಕಳಪೆ ಎಂದಾದ ಮೇಲೆ ಅದು ಇವರ ಪಾಲಿಗೆ ಬಂದಿದೆ. ಆರು ವರ್ಷದ ಮಗು ಅದನ್ನು ಓದಬಲ್ಲದು, ಅರ್ಥಮಾಡಿಕೊಳ್ಳಬಲ್ಲದು. ಅದೇ ಶಾಲೆಯಲ್ಲಿ ಶಿಕ್ಷಕಿಯಾಗಿರುವ ತಾಯಿ ಮಾಡುವ ಕೆಲಸ ಇನ್ನೂ ಸೊಗಸು. ಭಾಷಣವಿಲ್ಲ, ಕಣ್ಣೀರಿಲ್ಲ, ಆಕೆ ಕತ್ತರಿ ಗೋಂದು ತೆಗೆದು ಆ ಪುಟದ ಮೇಲೆ ಕಾಗದ ಅಂಟಿಸತೊಡಗುತ್ತಾಳೆ.

ಜನಾಂಗ ದ್ವೇಷ ಎಂದರೇನೆಂದು ಇದಕ್ಕಿಂತ ಸರಳವಾಗಿ ಮಕ್ಕಳಿಗೆ ಹೇಳಿಕೊಟ್ಟ ಬರಹವನ್ನು ನಾನು ಓದಿಲ್ಲ. ಕಾದಂಬರಿ ಮುಂದುವರಿದಂತೆ ಮನುಷ್ಯರನ್ನು ಜೀವಂತ ಸುಟ್ಟ ಸುದ್ದಿ ಬರುತ್ತದೆ, ರಾತ್ರಿ ಹೊತ್ತು ಕಾರುಗಳಲ್ಲಿ ತಿರುಗುವ ಬಿಳಿಯರ ಗುಂಪು ಬರುತ್ತದೆ, ಗುಲಾಮಗಿರಿಯ ನಿಜವನ್ನು ಪಠ್ಯದಾಚೆ ಕಲಿಸಿದ ತಾಯಿ ಕೆಲಸ ಕಳೆದುಕೊಳ್ಳುತ್ತಾಳೆ. ಆದರೂ ಪುಸ್ತಕ ಮುಚ್ಚಿದಾಗ ನೆನಪಿನಲ್ಲಿ ಉಳಿಯುವುದು ಸಾವು ನೋವಲ್ಲ. ಒಲೆಯ ಸುತ್ತ ಕುಳಿತ ಒಂದು ಮನೆ. ಆ ಮನೆಗೆ ತಾನು ನಿಂತ ನೆಲ ತನ್ನದೆಂಬ ಧೈರ್ಯವಿದೆ. ಕ್ಯಾಸಿಯ ಅಜ್ಜ 1887ರಲ್ಲಿ ಇನ್ನೂರು ಎಕರೆ, 1918ರಲ್ಲಿ ಮತ್ತೆ ಇನ್ನೂರು ಎಕರೆ ಕೊಂಡಿದ್ದ. ಸುತ್ತಲಿನ ಕಪ್ಪು ಕುಟುಂಬಗಳೆಲ್ಲ ಬಿಳಿಯ ಧಣಿಗಳ ಹೊಲದಲ್ಲಿ ಪಾಲಿಗೆ ದುಡಿಯುವ ಗೇಣಿದಾರರು, ಧಣಿಯ ಜಾಮೀನಿನ ಮೇಲೆ ಅಂಗಡಿಯಲ್ಲಿ ಸಾಲ ತರುವವರು. ದೌರ್ಜನ್ಯ ನಡೆಸಿದವರ ಅಂಗಡಿಯನ್ನು ಬಹಿಷ್ಕರಿಸೋಣವೆಂದು ಲೋಗನ್ ಕುಟುಂಬ ಹೇಳಬಲ್ಲದು. ಗೇಣಿದಾರರು ಎರಡು ದಿನ ಜೊತೆಗಿದ್ದು, ಒಕ್ಕಲೆಬ್ಬಿಸುವ ಬೆದರಿಕೆ ಬಂದೊಡನೆ ಹಿಂದೆ ಸರಿಯುತ್ತಾರೆ. ಅವರನ್ನು ಲೇಖಕಿ ಹೇಡಿಗಳೆಂದು ತೋರಿಸುವುದಿಲ್ಲ. ನೆಲವಿಲ್ಲದವನಿಗೆ ಧೈರ್ಯ ಎಷ್ಟು ದುಬಾರಿ ಎಂಬುದನ್ನು ಆಕೆ ಬಲ್ಲರು.

ಈ ಲೆಕ್ಕ ಚೋಮನಿಗೂ ಗೊತ್ತಿತ್ತು. ಕಾಡಿನಲ್ಲಿ ಸಿಕ್ಕಿದ ಎರಡು ಹೋರಿಗಳನ್ನು ಸಾಕಿಕೊಂಡು, ಒಂದು ತುಂಡು ಗದ್ದೆಯನ್ನು ತಾನೇ ಉಳಬೇಕೆಂದು ಅವನು ಕನಸುತ್ತಾನೆ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ. ಕೊಡಲು ಮನಸ್ಸೂ ಮಾಡುತ್ತಾನೆ. ಆದರೆ ಹೊಲೆಯ ಬೇಸಾಯ ಮಾಡುವುದು ಉಂಟೇ ಎಂಬ ಊರಿನ ಮತ್ತು ಮನೆಯ ಕಟ್ಟಳೆಯನ್ನು ಮೀರಲಾರ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯ ಜ್ವರದಿಂದ ಸಾಯುತ್ತಾನೆ, ಗುರುವ ಕ್ರೈಸ್ತನಾಗಿ ದೂರವಾಗುತ್ತಾನೆ, ಕಿರಿಯ ನೀಲ ನೀರಿನಲ್ಲಿ ಮುಳುಗುವಾಗ ಮುಟ್ಟಿ ಮೇಲೆತ್ತುವ ಕೈಯೊಂದು ಸಿಗುವುದಿಲ್ಲ. ಮಗಳು ಬೆಳ್ಳಿ ತೋಟದ ಸಾಲಕ್ಕೆ ತನ್ನನ್ನೇ ತೆರಬೇಕಾಗುತ್ತದೆ. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಚಲನಚಿತ್ರವಾಗಿಸಿ ಸ್ವರ್ಣಕಮಲ ತಂದರು, ಎಂ.ವಿ. ವಾಸುದೇವರಾಯರ ಚೋಮನನ್ನು ನೋಡಿದವರು ಮರೆಯಲಾರರು.

ಕಾರಂತರ ಕಾದಂಬರಿಯ ಹಿರಿಮೆಯ ಬಗ್ಗೆ ನನಗೆ ಸಂದೇಹವಿಲ್ಲ. 1933ರಲ್ಲಿ, ಕೋಟದ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಮೂವತ್ತೊಂದರ ತರುಣನೊಬ್ಬ ಇದನ್ನು ಬರೆದನೆಂಬುದೇ ಬೆರಗಿನ ವಿಷಯ. ಆದರೆ ಅದು ದೊಡ್ಡವರಿಗಾಗಿ, ಹೊರಗಿನಿಂದ ನೋಡಿ ಮರುಗಿದ ಕಣ್ಣು ಬರೆದ ದುರಂತ. ಬೆಳ್ಳಿ ಅದರಲ್ಲಿ ದುಡಿಯುತ್ತಾಳೆ, ಸಹಿಸುತ್ತಾಳೆ, ಕಥೆ ಹೇಳುವುದಿಲ್ಲ. ಚೋಮನ ಮನೆಯ ಮಕ್ಕಳು ಏನೆಂದು ನಗುತ್ತಿದ್ದರು, ಯಾವ ಆಟ ಆಡುತ್ತಿದ್ದರು, ಅಪ್ಪನ ದುಡಿಯ ಸದ್ದು ಕೇಳಿ ಹೆದರುತ್ತಿದ್ದರೋ ಹೆಮ್ಮೆಪಡುತ್ತಿದ್ದರೋ ಎಂಬುದನ್ನು ಅವರ ಬಾಯಿಂದಲೇ ಕೇಳುವ ಪುಸ್ತಕ ಬೇರೆಯೇ ಆಗಬೇಕು. ಸ್ವಾರಸ್ಯವೆಂದರೆ ಕಾರಂತರೇ 1936ರಲ್ಲಿ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಮಕ್ಕಳಿಗಾಗಿ ತಂದರು. ಅವರ ಕೈಯಲ್ಲಿ ಚೋಮನ ಮಕ್ಕಳೂ ಇದ್ದರು, ಓದುವ ಮಕ್ಕಳೂ ಇದ್ದರು. ಇಬ್ಬರೂ ಒಂದೇ ಪುಟದಲ್ಲಿ ಸಂಧಿಸುವ ಕಾಲ ಬಂದಿರಲಿಲ್ಲವೆಂದು ತೋರುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಮಕ್ಕಳ ಐತಿಹಾಸಿಕ ಕಥೆಗೆ ಕೊರತೆಯೇನೂ ಇರಲಿಲ್ಲ. ಬಂಟ್ವಾಳದಲ್ಲಿ ಹುಟ್ಟಿ, ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದ ಪಂಜೆ ಮಂಗೇಶರಾಯರು ಬಹಳ ಹಿಂದೆಯೇ ಪಾಡ್ದನದಿಂದ 'ಕೋಟಿ ಚೆನ್ನಯ'ರನ್ನು ಎತ್ತಿ ಕನ್ನಡದ ಮಕ್ಕಳ ಕೈಗಿತ್ತರು. ಅದೂ ಗದ್ದೆ, ನೀರು, ಮಾನ ಇವುಗಳ ಜಗಳವೇ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡಕ್ಕೆ ಮೊದಲದ್ದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಕಥನಕ್ಕೆ, ಮರುವರ್ಷ ನಾ. ಡಿಸೋಜಾ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ. ಅಣೆಕಟ್ಟಿನಲ್ಲಿ ಊರು ಮುಳುಗಿದ ನೋವನ್ನು ಮಕ್ಕಳಿಗೆ ಹೇಳಬಹುದಾದರೆ ಉಳಿದದ್ದನ್ನೂ ಹೇಳಬಹುದು. ಆದರೂ ಕೊಪ್ಪದಲ್ಲಿ, ಕೇರಿಯಲ್ಲಿ, ಕಾಲನಿಯಲ್ಲಿ ಹುಟ್ಟಿದ ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಅಜ್ಜ ಅಜ್ಜಿಯ ಕಾಲದ ಕಥೆಯನ್ನು ತಾನೇ ಹೇಳುವ, ಮಕ್ಕಳೇ ಓದುವ, ಮನೆಮನೆಯಲ್ಲಿ ಹೆಸರಾದ ಕಾದಂಬರಿಯೊಂದು ನಮ್ಮಲ್ಲಿ ಇಲ್ಲ.

ಇಲ್ಲವೆಂದ ಮಾತ್ರಕ್ಕೆ ಕಥೆಯೇ ಇಲ್ಲವೆಂದಲ್ಲ. ತುಳುನಾಡಿನ ಬಾಯಿಮಾತಿನ ಪರಂಪರೆಯಲ್ಲಿ ಅಂಥ ಮಗುವೊಂದಿದೆ, ಅದೂ ಎಲ್ಲರಿಗೂ ಗೊತ್ತಿರುವ ಮಗು: ಕೊರಗ ತನಿಯ. ಪಾಡ್ದನದಲ್ಲಿ ಪಾಠಾಂತರಗಳು ಹಲವು. ಸ್ಥೂಲವಾಗಿ ಹೇಳುವುದಾದರೆ, ಹೆತ್ತವರನ್ನು ಕಳೆದುಕೊಂಡು ದಾರಿಯಲ್ಲಿ ಅಳುತ್ತಿದ್ದ ಕೊರಗರ ಹುಡುಗನನ್ನು ಮೈರಕ್ಕೆ ಬೈದೆದಿ ಎಂಬ ಶೇಂದಿ ಮಾರುವ ತಾಯಿ ಮನೆಗೆ ಕರೆದೊಯ್ದು ಸಾಕುತ್ತಾಳೆ. ಬೆಳೆದ ಹುಡುಗ ಹಲವು ಆಳುಗಳು ಹೊರಬೇಕಾದ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನಕ್ಕೆ ತಲುಪಿಸುತ್ತಾನೆ. ಹೊರೆ ಒಳಗೆ ಹೋಗಬಹುದು, ಹೊತ್ತವನು ಹೋಗಬಾರದು. ಅವನು ಪ್ರಶ್ನೆ ಕೇಳುತ್ತಾನೆ. ಹಣ್ಣು ಕೊಯ್ಯಲೆಂದು ಮೇಲೆ ಹತ್ತಿದವನು ಅಲ್ಲಿಯೇ ಮಾಯವಾಗುತ್ತಾನೆ. ಇಂದು ಅವನು ಕೊರಗಜ್ಜ. ಕಳೆದುಹೋದ ಉಂಗುರದಿಂದ ಹಿಡಿದು ವೀಸಾದವರೆಗೆ ಎಲ್ಲ ಜಾತಿಯವರೂ ಅವನಿಗೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೊರುತ್ತಾರೆ.

ಭಕ್ತಿಯನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮ ಮನೆಯಲ್ಲೂ ಆ ಹರಕೆ ಉಂಟು. ಆದರೆ ಮಕ್ಕಳಿಗೆ ಈ ಕಥೆ ಹೇಳುವಾಗ ನಾವು ಕಾರಣಿಕವನ್ನು ಹೇಳುತ್ತೇವೆ, ಬಾಗಿಲನ್ನು ಹೇಳುವುದಿಲ್ಲ. ಉಡುಪಿಯ ಕನಕನ ಕಿಂಡಿಯದೂ ಅದೇ ಕಥೆ. ಕೃಷ್ಣ ತಿರುಗಿ ನಿಂತದ್ದನ್ನು ಪ್ರತಿ ಶಾಲಾ ಪ್ರವಾಸದಲ್ಲಿ ಮಕ್ಕಳು ಕೇಳುತ್ತಾರೆ. ಕನಕದಾಸರು ಹೊರಗೇಕೆ ನಿಂತಿದ್ದರು ಎಂದು ಯಾವುದಾದರೂ ಮಗು ಕೇಳಿದರೆ ಸಾಲು ಮುಂದೆ ಹೋಗಲಿ ಎನ್ನುತ್ತೇವೆ. ಪವಾಡ ಅನ್ಯಾಯವನ್ನು ಮರೆಮಾಚುವ ಪರದೆಯಾಗಿ ಬಿಟ್ಟಿದೆ. ಟೇಲರ್ ಅವರ ಪುಸ್ತಕದಲ್ಲಿ ಪವಾಡ ಒಂದೂ ಇಲ್ಲ ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬಹುದು. ಹುಡುಗನೊಬ್ಬನನ್ನು ನೇಣಿಗೇರಿಸಲು ಹೊರಟ ಗುಂಪನ್ನು ತಡೆಯಲು ಕ್ಯಾಸಿಯ ತಂದೆ ತನ್ನ ಹತ್ತಿಯ ಹೊಲಕ್ಕೆ ತಾನೇ ಬೆಂಕಿಯಿಡುತ್ತಾನೆ. ಬೆಂಕಿ ಎಲ್ಲರ ಬೆಳೆಗೂ ಹಬ್ಬೀತೆಂಬ ಭಯದಿಂದ ಬಿಳಿಯರೂ ಕರಿಯರೂ ಒಟ್ಟಾಗಿ ಅದನ್ನು ಆರಿಸಬೇಕಾಗುತ್ತದೆ. ಕಾಲು ಭಾಗ ಬೆಳೆ ಹೋಯಿತು. ಆ ರಾತ್ರಿಯ ಮಟ್ಟಿಗೆ ಜೀವ ಉಳಿಯಿತು.

ಎಲ್ಲೂರಿನ ನಮ್ಮ ಮನೆಯ ಚಾವಡಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ನಾನು ಓದಿದ್ದನ್ನು ಅವರಿಗೆ ತುಳು ಬೆರೆತ ಕನ್ನಡದಲ್ಲಿ ಹೇಳುತ್ತೇನೆ. ಅಷ್ಟೇ, ಅದಕ್ಕೆ ಹೆಸರಿಲ್ಲ, ಸಂಘವಿಲ್ಲ. ಒಂದು ಮಳೆಗಾಲದಲ್ಲಿ ಕ್ಯಾಸಿಯ ಕಥೆಯನ್ನು ಆರು ವಾರ ಹೇಳಿದೆ. ಬಸ್ಸಿನ ಪ್ರಸಂಗ ಬಂತು. ಧೂಳು, ಆಮೇಲೆ ಮಳೆಗಾಲದಲ್ಲಿ ಕೆಸರು ಎರಚಿಸಿಕೊಂಡು ಬೇಸತ್ತ ಆ ನಾಲ್ವರು ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಗುದ್ದಲಿ ತಂದು ರಸ್ತೆಗೆ ಅಡ್ಡಲಾಗಿ ಹೊಂಡ ತೋಡುತ್ತಾರೆ. ಸಂಜೆ ಅದು ನೀರು ತುಂಬಿ ಕೆರೆಯಂತಾಗಿ ಬಸ್ಸಿನ ಮೂತಿ ಅದರಲ್ಲಿ ಹೂತುಹೋಗುತ್ತದೆ. ಬಿಳಿಯ ಮಕ್ಕಳು ಕೆಸರಿನಲ್ಲಿ ಇಳಿದು ನಡೆಯುತ್ತಾರೆ. ನಮ್ಮ ಚಾವಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಒಬ್ಬ ಹುಡುಗನಂತೂ ಹೊಂಡದ ಅಳತೆ ಕೇಳಿದ.

ಸದ್ದು ಇಳಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, ಹತ್ತಿರದ ಕೊರಗರ ಕಾಲನಿಯಿಂದ ಬರುವವಳು, ಒಂದೇ ಪ್ರಶ್ನೆ ಕೇಳಿದಳು: ಮಾಡಿದ್ದು ಅವರೆಂದು ಗೊತ್ತಾಯಿತೇ? ಉಳಿದ ಮಕ್ಕಳಿಗೆ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಆದರೆ ಕಾದಂಬರಿಯ ಮುಂದಿನ ಪುಟಗಳು ಇರುವುದೇ ಆ ಪ್ರಶ್ನೆಯ ಮೇಲೆ. ಅದೇ ರಾತ್ರಿ ಬಿಳಿಯರ ತಂಡ ಹೊರಟಿದೆಯೆಂಬ ಸುದ್ದಿ ಬಂದು, ತಾವು ಮಾಡಿದ್ದಕ್ಕಾಗಿಯೇ ಬಂದರೆಂದು ಆ ಮಕ್ಕಳು ನಡುಗುತ್ತಾರೆ. ಒಂದೇ ಕಥೆಯನ್ನು ಒಂದೇ ಚಾಪೆಯ ಮೇಲೆ ಕುಳಿತು ಕೇಳಿದರೂ ಗೆಲುವು ಕೆಲವರಿಗೆ ತಮಾಷೆಯಾಗಿಯೂ ಕೆಲವರಿಗೆ ಅಪಾಯವಾಗಿಯೂ ಕೇಳಿಸುತ್ತದೆ.

ಮಕ್ಕಳ ಎಳೆಯ ಮನಸ್ಸಿಗೆ ಈ ಕಹಿಯೆಲ್ಲ ಏಕೆ ಎಂದು ಸ್ನೇಹಿತರು ಕೇಳುವುದುಂಟು. ಸದುದ್ದೇಶದ ಪ್ರಶ್ನೆ. ಆದರೆ ಯಾವ ಮಕ್ಕಳ ಮನಸ್ಸು ಎಂದು ಅವರನ್ನು ತಿರುಗಿ ಕೇಳಬೇಕು. 1901ರಲ್ಲಿ ತಂದೆಯನ್ನು ನೋಡಲು ಹೊರಟ ಒಂಬತ್ತು ವರ್ಷದ ಭೀಮರಾವ್ ಅಂಬೇಡ್ಕರ್‌ಗೆ ಮಸೂರು ನಿಲ್ದಾಣದಲ್ಲಿ ಗಾಡಿಯವರು ಸಿಗಲಿಲ್ಲ. ದುಪ್ಪಟ್ಟು ಬಾಡಿಗೆ ತೆತ್ತು ಗಾಡಿಯನ್ನು ತಾವೇ ಹೊಡೆದುಕೊಂಡು, ಬುತ್ತಿಯಿದ್ದರೂ ಕುಡಿಯುವ ನೀರು ಸಿಗದೆ ಹಸಿವಿನಲ್ಲೇ ಆ ಮಕ್ಕಳು ರಾತ್ರಿ ಕಳೆದರು. ಒಂಬತ್ತು ವರ್ಷ, ಕ್ಯಾಸಿಯ ವಯಸ್ಸೇ. ಅನುಭವಿಸಲು ಸಾಕಾಗುವ ವಯಸ್ಸು ಓದಲು ಸಾಲದೇ? ಅಮೆರಿಕದಲ್ಲೂ ಟೇಲರ್ ಅವರ ಪುಸ್ತಕವನ್ನು ಶಾಲೆಗಳಿಂದ ತೆಗೆಯಬೇಕೆಂದು, ಅದರಲ್ಲಿರುವ ಹೀನ ಬೈಗುಳಗಳು ಮಕ್ಕಳಿಗೆ ಸಲ್ಲದೆಂದು ತಕರಾರು ಎದ್ದದ್ದುಂಟು. ಆ ಪದಗಳನ್ನು ತೊಳೆದರೆ ಚರಿತ್ರೆಗೆ ಸುಣ್ಣ ಬಳಿದಂತಾಗುತ್ತದೆ ಎಂಬುದು ಲೇಖಕಿಯ ನಿಲುವು. ತಕರಾರು ತೆಗೆದವರಲ್ಲಿ ಕಪ್ಪು ಮಕ್ಕಳ ಪಾಲಕರೂ ಇದ್ದರೆಂಬುದನ್ನು ಮರೆಯಬಾರದು. ತರಗತಿಯಲ್ಲಿ ಆ ಪದವನ್ನು ಗಟ್ಟಿಯಾಗಿ ಓದಿದಾಗ ಎಲ್ಲ ಕಣ್ಣುಗಳೂ ತಿರುಗುವುದು ಯಾರ ಕಡೆಗೆಂದು ಅವರಿಗೆ ಗೊತ್ತು. ಇದು ನಮ್ಮ ಶಿಕ್ಷಕರೂ ಯೋಚಿಸಬೇಕಾದ ಮಾತು. ಪುಸ್ತಕ ಇದ್ದರೆ ಸಾಲದು, ಅದನ್ನು ಓದಿಸುವ ಕ್ರಮವೂ ಬೇಕು.

ನಮ್ಮ ಚರಿತ್ರೆಯಲ್ಲಿ ತೊಳೆಯಲಾಗದ್ದು ಏನಿದೆ ಎನ್ನುವವರು 2000ನೇ ಇಸವಿಯಲ್ಲಿ ಕರ್ನಾಟಕ ವಿಧಾನಮಂಡಲ ಮಾಡಿದ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನು ಒಮ್ಮೆ ಓದಬೇಕು. ಅಜಲು ಎಂದರೇನೆಂದು ಕಾಯ್ದೆಯೇ ವಿವರಿಸುತ್ತದೆ. ಕೊರಗರಿಂದ ಸಂಬಳವಿಲ್ಲದೆ ದುಡಿಸುವುದು, ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು, ಕಂಬಳ ಆರಂಭವಾಗುವ ಮೊದಲು ಕೋಣಗಳಂತೆ ಅವರನ್ನು ಓಡಿಸುವುದು. ಯಾವುದೋ ಪ್ರಾಚೀನ ಶಾಸನದ ಮಾತಲ್ಲ; ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೂ ನಿಷೇಧಿಸಬೇಕಾಗಿದ್ದ ಆಚರಣೆಯಿದು. ನನ್ನ ಬಾಲ್ಯದಲ್ಲಿ, ಮದುವೆ ಊಟ ಮುಗಿದ ಮೇಲೆ ಹಿತ್ತಿಲಾಚೆ ಎಲೆಗಳ ರಾಶಿಯ ಬಳಿ ಕಾಯುತ್ತಿದ್ದ ಬುಟ್ಟಿ ಹೆಣೆಯುವ ಹೆಂಗಸಿನ ಸೊಂಟದಲ್ಲಿ ನನ್ನದೇ ಪ್ರಾಯದ ಹುಡುಗನ ತಮ್ಮ ಇರುತ್ತಿದ್ದ. ಆ ಹುಡುಗ ಒಂದನೆಯ ತರಗತಿಗೆ ಕೆಲವು ದಿನ ಬಂದಿದ್ದ, ಬಾಗಿಲ ಬಳಿ ಕೂರುತ್ತಿದ್ದ, ಮಳೆಗಾಲ ಕಳೆಯುವಷ್ಟರಲ್ಲಿ ಕಾಣಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನಿಗೊಂದು ಸಾಲು ಇದ್ದಿರಬೇಕು.

ಮತ್ತೆ ನೆಲದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕ್ಯಾಸಿಯ ಧೈರ್ಯದ ಗುಟ್ಟು ಅಲ್ಲಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಫಲವನ್ನು ರಾಜ್ಯದಲ್ಲೇ ಹೆಚ್ಚಾಗಿ ಉಂಡ ಪ್ರದೇಶಗಳಲ್ಲಿ ಅವಿಭಜಿತ ದಕ್ಷಿಣ ಕನ್ನಡವೂ ಒಂದು. ಗೇಣಿದಾರರು ಒಡೆಯರಾದರು, ಅವರ ಮಕ್ಕಳು ಇಂಜಿನಿಯರರಾದರು, ಬ್ಯಾಂಕ್ ಅಧಿಕಾರಿಗಳಾದರು. ಆದರೆ ಆ ಕಾನೂನು ಕೇಳಿದ್ದು ಗೇಣಿ ಚೀಟನ್ನು. ಚೋಮ ಗೇಣಿದಾರನಲ್ಲ, ಮೂಲದ ಆಳು. ಬುಟ್ಟಿ ಹೆಣೆದು ಅಲೆಯುತ್ತಿದ್ದ ಕೊರಗನಿಗೆ ಗೇಣಿ ಎಲ್ಲಿಂದ ಬರಬೇಕು? ಉಳುವವನೇ ಹೊಲದೊಡೆಯನಾದಾಗ, ಉಳಲು ಬಿಡದೇ ಇದ್ದವನು ಹೊರಗೇ ಉಳಿದ. ಬ್ರಿಟಿಷರ ಕಾಲದಲ್ಲಿ ಶೋಷಿತ ವರ್ಗಗಳಿಗೆಂದು ಕಾದಿರಿಸಿದ 'ಡಿ.ಸಿ. ಮನ್ನಾ' ಭೂಮಿಗಾಗಿ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ದಲಿತ ಸಂಘಟನೆಗಳು ಇಂದಿಗೂ ಮನವಿ ಹಿಡಿದು ಅಲೆಯುತ್ತಿವೆ. 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ನೆಲಕ್ಕಾಗಿ ಮೆರವಣಿಗೆ ಹೊರಟರು. ಆ ದಿನವನ್ನು ಈಗಲೂ 'ಭೂಮಿ ಹಬ್ಬ'ವೆಂದು ಆಚರಿಸುತ್ತಾರೆ. ಅದರ ಬೆನ್ನಿಗೆ ಬಂದ ಮಹಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಕ್ಯಾಸಿಯ ಅಜ್ಜನ ನಾನೂರು ಎಕರೆ ಎಲ್ಲಿ, ಈ ಎರಡೂವರೆ ಎಲ್ಲಿ! ರಾಜ್ಯದ ಕೊರಗರ ಒಟ್ಟು ಸಂಖ್ಯೆ 2011ರ ಜನಗಣತಿಯಂತೆ ಹದಿನೈದು ಸಾವಿರದ ಒಳಗೆ. ಅಷ್ಟು ಚಿಕ್ಕ ಸಮುದಾಯಕ್ಕೂ ಆ ಶಿಫಾರಸು ಪೂರ್ತಿಯಾಗಿ ನೆಲಕ್ಕಿ­ಳಿದಿಲ್ಲ. (ಎಲ್ಲೂರಿನವರಿಗೆ ನೆಲ ಕಳೆದುಕೊಳ್ಳುವುದೆಂದರೇನೆಂದು ಉಷ್ಣ ವಿದ್ಯುತ್ ಸ್ಥಾವರ ಬಂದಾಗ ಚೆನ್ನಾಗಿಯೇ ಅರಿವಾಗಿದೆ. ಪರಿಹಾರ ಪಡೆಯಲಿಕ್ಕೂ ಮೊದಲು ಪಹಣಿಯಲ್ಲಿ ಹೆಸರಿರಬೇಕು.)

ಶಾಲೆಯ ದಾರಿಯ ಧೂಳಿನ ಬಗ್ಗೆ ಇನ್ನೊಂದು ಮಾತು. ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು, 1859ರಲ್ಲಿ ಹುಟ್ಟಿದವರು, ಊರಿನ ಬಹಿಷ್ಕಾರ ಎದುರಿಸಿ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದರು. ಶಿಕ್ಷಕರು ಸಿಗದೆ ಶಾಲೆ ಮುಚ್ಚಿತು, ಮತ್ತೆ ತೆರೆಯಿತು. ಮಕ್ಕಳು ಬರಲೆಂದು ಮಧ್ಯಾಹ್ನದ ಊಟ ಹಾಕಿಸಿದರು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಸರಕಾರಿ ಕೆಲಸ ಪಡೆದು ಊರಿನ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಅದು ಎಬ್ಬಿಸುವ ಧೂಳು ತನ್ನ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬರ್ಥದ ಅವರ ಆಶಯ ಪ್ರಸಿದ್ಧವಾಗಿದೆ. ಅವರು ತೀರಿಕೊಂಡದ್ದು 1928ರಲ್ಲಿ. ಐದು ವರ್ಷಗಳ ಅನಂತರ, ಕಥೆಯೊಳಗಿನ ಮಿಸಿಸಿಪ್ಪಿಯಲ್ಲಿ ಬಿಳಿಯರ ಬಸ್ಸು ಆರು ವರ್ಷದ ಹುಡುಗನ ಮೇಲೆ ಧೂಳೆಬ್ಬಿಸಿ ಹೋಗುತ್ತದೆ. ರಂಗರಾಯರ ಶಾಲೆಯ ದಾರಿಯಲ್ಲಿ ನಡೆದುಬಂದ ಮಕ್ಕಳು, ಅವರನ್ನು ಕಳಿಸಲು ಹೆದರಿದ ತಾಯಂದಿರು, ಕಲಿಸಲು ಬಂದು ಓಡಿಹೋದ ಮಾಸ್ತರರು, ಒಂದು ಮಕ್ಕಳ ಕಾದಂಬರಿಗೆ ಇದಕ್ಕಿಂತ ಹೆಚ್ಚೇನು ಬೇಕು? ರಂಗರಾಯರ ಬಗ್ಗೆ ಮಕ್ಕಳಿಗೆ ಹೇಳುವಾಗಲೂ ನಾವು ಉದ್ಧಾರಕನ ಕಥೆಯನ್ನಷ್ಟೇ ಹೇಳುತ್ತ ಬಂದಿದ್ದೇವೆ. ಬೆಂಚಿನ ಮೇಲೆ ಮೊದಲ ಬಾರಿಗೆ ಕುಳಿತವರ ಕಡೆಯಿಂದ ಅದನ್ನು ಹೇಳಿದರೆ ಊಟದ ರುಚಿಯೂ ಬೇರೆ, ಅವಮಾನದ ರುಚಿಯೂ ಬೇರೆ.

ಕ್ಯಾಸಿಯ ಕಥೆ ನಡೆಯುವ ಒಂದು ವರ್ಷದ ಅವಧಿಯಲ್ಲೇ, 1934ರ ಫೆಬ್ರವರಿಯಲ್ಲಿ, ಗಾಂಧೀಜಿ ಹರಿಜನ ಪ್ರವಾಸದಲ್ಲಿ ಮಂಗಳೂರು, ಉಡುಪಿಗಳಿಗೆ ಬಂದಿದ್ದರು. ಆ ಸಭೆಗಳಲ್ಲಿ ಒಡವೆ ಕಳಚಿಕೊಟ್ಟವರ ನೆನಪುಗಳು ನಮ್ಮ ಮನೆಗಳಲ್ಲಿ ಬೇಕಾದಷ್ಟಿವೆ. ಸಭೆಯ ಅಂಚಿನಲ್ಲಿ ನಿಂತು ಕೇಳಿದವರ ನೆನಪು ನಮ್ಮ ಮನೆಗಳಲ್ಲಿ ಇರಲು ಸಾಧ್ಯವಿಲ್ಲ, ಅದು ಅವರ ಮನೆಗಳಲ್ಲೇ ಇರಬೇಕು.

ಹಾಗಾದರೆ ಬರೆಯುವವರು ಯಾರು? ದೊಡ್ಡವರ ಕನ್ನಡ ಸಾಹಿತ್ಯದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ದೇವನೂರ ಮಹಾದೇವರ 'ಅಮಾಸ' ಕೇರಿಯ ಕಪ್ಪು ಹುಡುಗನ ಕಥೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು. ಸಿದ್ಧಲಿಂಗಯ್ಯನವರ 'ಊರು ಕೇರಿ'ಯ ಆರಂಭದಲ್ಲೇ, ಎತ್ತುಗಳ ಜಾಗದಲ್ಲಿ ಹೆಗಲಿಗೆ ನೊಗ ಹೊತ್ತು ಹೊಲ ಉಳುವ ಅಪ್ಪನನ್ನು ಮಗು ನೋಡುತ್ತದೆ. ಉಳಲು ನೆಲ ಕೇಳಿದ ಚೋಮನಿಗೆ ಕಾಲ ಕೊಟ್ಟ ಉತ್ತರದಂತೆ ಆ ದೃಶ್ಯ ನನಗೆ ಕಂಡದ್ದುಂಟು. ಆದರೂ ಸಿದ್ಧಲಿಂಗಯ್ಯ ಆ ಪುಸ್ತಕವಿಡೀ ನಗಿಸುತ್ತಾರೆ. ಟೇಲರ್‌ಗೂ ಅವರಿಗೂ ಇರುವ ನಂಟು ಅದು. ಈ ಬರಹಗಳೆಲ್ಲ ಬಾಲ್ಯದ ಬಗ್ಗೆ ಇವೆ, ಬಾಲರಿಗಾಗಿ ಇಲ್ಲ ಎಂಬುದಷ್ಟೇ ಕೊರತೆ. ಪ್ರಕಾಶಕರು, ಅಕಾಡೆಮಿಗಳು, ಪಠ್ಯ ಸಮಿತಿಗಳು ಬಹುಮಾನ ಘೋಷಿಸಿ ಕಾಯುವ ಬದಲು ಈ ಮನೆಗಳ ಜಗಲಿಗೆ ಹೋಗಬೇಕು. ಟೇಲರ್ ಅವರ ಮೊದಲ ಪುಸ್ತಕ ಹೊರಬಂದದ್ದೂ, ಮಕ್ಕಳ ಪುಸ್ತಕಗಳಲ್ಲಿ ಎಲ್ಲ ಜನಾಂಗಗಳೂ ಕಾಣಬೇಕೆಂದು ಸ್ಥಾಪಿಸಿದ ಮಂಡಳಿಯೊಂದು ಹೊಸ ಲೇಖಕರಿಗಾಗಿ ಏರ್ಪಡಿಸಿದ ಸ್ಪರ್ಧೆಯಿಂದ. ಪ್ರತಿಭೆ ತಾನಾಗಿ ಮೇಲೆ ಬರುತ್ತದೆ ಎಂಬುದು ಮೇಲಿರುವವರ ನಂಬಿಕೆ.

ಹಳೆಯ ಕಾಲದ ಕಥೆ ಹಳೆಯದಾಗಿಯೇ ಉಳಿದಿಲ್ಲವೆಂಬುದಕ್ಕೆ ದೂರ ಹೋಗಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ, ಕಾರಂತರ ಹುಟ್ಟೂರು ಕೋಟದ ಪಕ್ಕದ ಕೋಟತಟ್ಟಿನಲ್ಲಿ, ಕೊರಗರ ಮನೆಯೊಂದರ ಮೆಹಂದಿ ಸಂಭ್ರಮಕ್ಕೆ ಧ್ವನಿವರ್ಧಕದ ದೂರಿನ ಮೇಲೆ ಪೊಲೀಸರು ನುಗ್ಗಿ ಲಾಠಿ ಬೀಸಿದ ಪ್ರಕರಣ ರಾಜ್ಯಮಟ್ಟದ ಸುದ್ದಿಯಾಯಿತು. ಸಬ್ ಇನ್‌ಸ್ಪೆಕ್ಟರ್ ಅಮಾನತುಗೊಂಡರು. ಆ ರಾತ್ರಿ ಆ ಚಪ್ಪರದಲ್ಲಿ ಮಕ್ಕಳೂ ಇದ್ದಿರುತ್ತಾರೆ.

ಇನ್ನು ಭಾಷೆಯ ತೊಡಕು. ಕ್ಯಾಸಿಯ ಮನೆಯವರು ಮಾತನಾಡುವುದು ದಕ್ಷಿಣದ ಕಪ್ಪು ರೈತರ ಇಂಗ್ಲಿಷು, ಪಠ್ಯಪುಸ್ತಕದ ಇಂಗ್ಲಿಷಲ್ಲ. ಮೊಮ್ಮಗಳು ಕೆಲವು ಮಾತುಗಳನ್ನು ಗಟ್ಟಿಯಾಗಿ ಓದಿಕೊಂಡ ಮೇಲೆಯೇ ಅವಳಿಗೆ ಅರ್ಥವಾಗುತ್ತಿತ್ತು. ನಮ್ಮಲ್ಲಿ ಇದು ಇನ್ನೂ ಜಟಿಲ. ಕೊರಗರಿಗೆ ತಮ್ಮದೇ ನುಡಿಯಿದೆ, ಊರಿನೊಡನೆ ತುಳು, ಕುಂದಾಪುರದ ಕಡೆ ಅಲ್ಲಿನ ಕನ್ನಡ, ಶಾಲೆಯಲ್ಲಿ ಪಠ್ಯದ ಕನ್ನಡ. ಒಂಬತ್ತು ವರ್ಷದ ಹುಡುಗಿ ಬೆಳಿಗ್ಗೆಯಿಂದ ಸಂಜೆಯೊಳಗೆ ಮೂರು ಭಾಷೆ ದಾಟುತ್ತಾಳೆ, ಪ್ರತಿ ದಾಟುವಿಕೆಯಲ್ಲೂ ಅವಳ ಸ್ಥಾನ ಸ್ವಲ್ಪ ಬದಲಾಗುತ್ತದೆ. ಅವಳು ಅಜ್ಜಿಯೊಡನೆ ಜಗಳವಾಡುವ ನುಡಿಯಲ್ಲೇ ಪುಸ್ತಕದಲ್ಲೂ ಜಗಳವಾಡಲಿ. ಅರ್ಥವಾಗದ ಪದಗಳಿಗೆ ಉಳಿದ ಮಕ್ಕಳು ಅವಳನ್ನೇ ಕೇಳಲಿ. ಚಾವಡಿಯ ಆ ಹುಡುಗಿ ಮೊನ್ನೆ ಮಳೆಗೆ ಅವರ ಮನೆಯಲ್ಲಿ ಏನೆನ್ನುತ್ತಾರೆಂದು ಹೇಳಿಕೊಟ್ಟಳು. ಉಳಿದ ಹನ್ನೊಂದು ಮಕ್ಕಳೂ ಅದನ್ನು ಎರಡು ಸಲ ತಪ್ಪಾಗಿ ಉಚ್ಚರಿಸಿದರು, ಅವಳು ಎರಡು ಸಲವೂ ತಿದ್ದಿದಳು.